ಮಳೆ ಬಾರದ ಊರಿಗೂ ಮಣ್ಣಿನ ಕಾನೂನು ಬೇಕು

"ಮರುಭೂಮಿಯಲ್ಲಿ ಮಳೆಯೇ ಇಲ್ಲ, ಮತ್ತೆ ಮಣ್ಣು ಕೊಚ್ಚಿ ಹೋಗುವುದು ಎಲ್ಲಿಂದ? ಇದಕ್ಕೊಂದು ನಿಯಮ ಬೇರೆ ಕೇಡು!" ಗಲ್ಫಿನ ಸೈಟುಗಳಲ್ಲಿ ನಾನು ಕಳೆದ ಹದಿನೆಂಟು ವರ್ಷಗಳಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಹೇಳಿದವರಲ್ಲಿ ಟೈ ಕಟ್ಟಿದ ಪ್ರಾಜೆಕ್ಟ್ ಮ್ಯಾನೇಜರ್‌ಗಳಿದ್ದಾರೆ. ಬೆವರು ಒರೆಸಿಕೊಳ್ಳುವ ಫೋರ್‌ಮನ್‌ಗಳಿದ್ದಾರೆ. ಹೇಳಲು ಬೇಸರವಾಗುತ್ತದೆ, ನಮ್ಮ ಉಪ್ಪಳ, ಕುಂಬಳೆ, ಉಳ್ಳಾಲ, ಸುರತ್ಕಲ್ ಕಡೆಯ ಬ್ಯಾರಿ ಸಬ್‌ಕಾಂಟ್ರಾಕ್ಟರ್‌ಗಳೂ ಇದ್ದಾರೆ. ಕೇಳಿದವರೆಲ್ಲ ನಗುತ್ತಾರೆ, ಹೌದು ಹೌದು ಎನ್ನುತ್ತಾರೆ.

ಈ ಮಾತು ಶುದ್ಧ ಸುಳ್ಳು. ಬರೀ ಸುಳ್ಳಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಈ ಸುಳ್ಳಿನ ಬಿಲ್ಲನ್ನು ಕಟ್ಟುತ್ತಿರುವವರು ನಮ್ಮ ಮನೆಯ ಹುಡುಗರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಎಂಜಿನಿಯರುಗಳಿಗಾಗಿ ಅಲ್ಲ, ಮನೆಯವರಿಗಾಗಿ. ನಮ್ಮಲ್ಲಿ ಗಲ್ಫಿಗೆ ಒಬ್ಬರನ್ನಾದರೂ ಕಳುಹಿಸದ ಮನೆ ಹುಡುಕುವುದು ಕಷ್ಟ. ಫೋನಿನಲ್ಲಿ ಉಮ್ಮ "ಎಂತ ಕೆಲಸ ಮೋನೆ?" ಎಂದು ಕೇಳಿದರೆ "ಸೈಟಿನಲ್ಲಿ ಉಮ್ಮ" ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆ ಸೈಟಿನಲ್ಲಿ ಅವನು ಎಂತಹ ಗಾಳಿ ಉಸಿರಾಡುತ್ತಾನೆ, ಮಳೆ ಬಂದ ಮರುದಿನ ಅವನನ್ನು ಯಾವ ಗುಂಡಿಗೆ ಇಳಿಸುತ್ತಾರೆ ಎಂದು ನಾವು ಕೇಳುವುದಿಲ್ಲ.

ಮೊದಲು ಒಣ ಮಣ್ಣಿನ ಲೆಕ್ಕ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ದುಬೈ ವಿಮಾನ ನಿಲ್ದಾಣದಲ್ಲಿ ಸರಾಸರಿ 95 ಮಿಲಿಮೀಟರ್. ಜಿದ್ದಾದಲ್ಲಿ ಅದಕ್ಕಿಂತಲೂ ಕಡಿಮೆ. ಹೀಗಿರುವಾಗ ಮಣ್ಣು ಹೆಚ್ಚು ಕೊಚ್ಚಿ ಹೋಗುವುದು ನಮ್ಮಲ್ಲೇ ಅಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. 1958ರಲ್ಲಿ ಲ್ಯಾಂಗ್‌ಬೈನ್ ಮತ್ತು ಶೂಮ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಈ ಲೆಕ್ಕ ಹಾಕಿದರು. ಹೊಳೆಗಳಲ್ಲಿ ಹರಿದು ಬರುವ ಹೂಳನ್ನು ಮಳೆಯ ಪ್ರಮಾಣದ ಜೊತೆ ಇಟ್ಟು ನೋಡಿದಾಗ, ಹೂಳು ಅತಿ ಹೆಚ್ಚು ಬರುವುದು ಭಾರೀ ಮಳೆಯ ಪ್ರದೇಶದಿಂದಲ್ಲ, ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆಯ ಅರೆಮರುಭೂಮಿಯಿಂದ ಎಂದು ಕಂಡಿತು. ಕಾರಣ ಸರಳ. ಮಳೆ ಹೆಚ್ಚಿದ್ದಲ್ಲಿ ಹುಲ್ಲು, ಬಳ್ಳಿ, ಬೇರು ಮಣ್ಣನ್ನು ಹಿಡಿದುಕೊಳ್ಳುತ್ತವೆ. ಮಳೆ ಕಡಿಮೆ ಇದ್ದಲ್ಲಿ ಹಿಡಿಯಲು ಏನೂ ಇಲ್ಲ. ಬರುವ ನಾಲ್ಕು ಮಳೆಯೂ ಸುರಿದರೆ ಒಮ್ಮೆಲೇ ಸುರಿಯುತ್ತದೆ.

ಪೂರ್ತಿ ಮರುಭೂಮಿಗೆ ಅಲ್ಲಾಹು ಕೊಟ್ಟ ಒಂದು ರಕ್ಷಣೆ ಇದೆ. ನೆಲದ ಮೇಲೆ ಸಣ್ಣ ಸಣ್ಣ ಜಲ್ಲಿ ಹಾಸಿದ ಹಾಗೆ ಒಂದು ಪದರ, ಅಥವಾ ಗಟ್ಟಿಯಾದ ತೆಳು ಹೊರಪದರ. ಇದು ನೂರಾರು ವರ್ಷಗಳಲ್ಲಿ ಆದದ್ದು. ಗಾಳಿ ಹಗುರ ಮಣ್ಣನ್ನು ಒಯ್ದು, ಭಾರದ ಕಲ್ಲನ್ನು ಬಿಟ್ಟು ಮಾಡಿದ ಹಾಸು. ಅದರ ಮೇಲೆ ಒಂದು ಡೋಜರ್ ಅರ್ಧ ದಿನ ಓಡಾಡಿದರೆ ಸಾಕು, ಕೆಳಗಿನ ಹಿಟ್ಟಿನಂತಹ ಮಣ್ಣು ಬಾಯಿ ತೆರೆದುಕೊಳ್ಳುತ್ತದೆ. ಮತ್ತೆ ಆ ಪದರ ಕಟ್ಟಲು ನಮ್ಮ ಆಯುಸ್ಸು ಸಾಲದು. ಸೈಟ್ ಎಂದರೆ ಆ ಗಾಯ. ನಿಯಮ ಎಂದರೆ ಗಾಯಕ್ಕೆ ಕಟ್ಟುವ ಪಟ್ಟಿ.

ಒಂದು ಎಕರೆ ತೆರೆದ ಸೈಟಿನಿಂದ ಬರೀ 1 ಮಿಲಿಮೀಟರ್ ದಪ್ಪ ಮಣ್ಣು ಹೋಯಿತು ಎಂದು ಇಟ್ಟುಕೊಳ್ಳಿ. ಕಣ್ಣಿಗೆ ಕಾಣುವುದೂ ಇಲ್ಲ. ಅದು 4 ಘನ ಮೀಟರ್, ಸುಮಾರು 6 ಟನ್. ಐವತ್ತು ಎಕರೆಯ ಸೈಟಿಗೆ 300 ಟನ್. ಇದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ನಮ್ಮ ಹುಡುಗರ ಎದೆಗೆ. ಸ್ವಲ್ಪ ರಸ್ತೆ ಬದಿಯ ಚರಂಡಿಗೆ. ಉಳಿದದ್ದು ವಾದಿಗೆ, ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹಳ್ಳಕ್ಕೆ. ಅಲ್ಲಿಂದ ಸಮುದ್ರಕ್ಕೆ.

ಜಿದ್ದಾ ಮತ್ತು ದುಬೈ ಹೇಳಿದ್ದು

2009ರ ನವೆಂಬರ್ 25. ಹಜ್ಜಿನ ದಿನಗಳು. ಜಿದ್ದಾದಲ್ಲಿ ನಾಲ್ಕು ಗಂಟೆಯಲ್ಲಿ ಸುಮಾರು 90 ಮಿಲಿಮೀಟರ್ ಮಳೆ. ನಮ್ಮೂರಲ್ಲಿ ಜುಲೈ ತಿಂಗಳಿನಲ್ಲಿ ಅಷ್ಟು ಮಳೆ ಬಂದರೆ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೋಗುತ್ತಾರೆ. ಅಲ್ಲಿ 120ಕ್ಕೂ ಹೆಚ್ಚು ಜನ ಸತ್ತರು. ಅತಿ ಹೆಚ್ಚು ಹೊಡೆತ ಬಿದ್ದದ್ದು ನಗರದ ಪೂರ್ವದ ಕುವೈಝಾದಂತಹ ಬಡಾವಣೆಗಳಿಗೆ. ಅವು ವಾದಿಯ ದಾರಿಯಲ್ಲೇ ಎದ್ದ ಬಡಾವಣೆಗಳು. ಬಂದದ್ದು ಬರೀ ನೀರಲ್ಲ. ಮಣ್ಣು, ಕಲ್ಲು, ಕಟ್ಟಡದ ಕಸ, ಕಾರುಗಳು, ಎಲ್ಲ ಒಟ್ಟಿಗೆ ಬಂದವು. ರಾಜರು ತನಿಖೆಗೆ ಆದೇಶಿಸಿದರು. ಅಧಿಕಾರಿಗಳ ಮೇಲೆ, ಗುತ್ತಿಗೆದಾರರ ಮೇಲೆ ಮೊಕದ್ದಮೆಗಳು ನಡೆದವು. 2011ರ ಜನವರಿಯಲ್ಲಿ ಅದೇ ನಗರ ಮತ್ತೆ ಮುಳುಗಿತು.

ಆ ದಿನ ಫರ್ಮಾನ್ ಅಲಿ ಖಾನ್ ಎಂಬ ಪಾಕಿಸ್ತಾನಿ ಕೆಲಸಗಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು 14 ಜನರನ್ನು ಎಳೆದು ತಂದ. ಇನ್ನೊಬ್ಬರನ್ನು ತರಲು ಹೋದವನು ತಿರುಗಿ ಬರಲಿಲ್ಲ. ಸೌದಿ ಸರಕಾರ ಅವನಿಗೆ ಮರಣೋತ್ತರ ಪದಕ ಕೊಟ್ಟಿತು. ಜಿದ್ದಾದ ಒಂದು ರಸ್ತೆಗೆ ಅವನ ಹೆಸರಿದೆ. ಅವನ ಹೆಸರು ಹೇಳುವಾಗ ನಾವೆಲ್ಲ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಒಂದು ಪ್ರಶ್ನೆ ಕೇಳುವುದಿಲ್ಲ. ಕೂಲಿಗೆ ಬಂದ ಒಬ್ಬ ಬಡವ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿಯಬೇಕಾದ ಸ್ಥಿತಿ ಬಂದದ್ದು ಯಾಕೆ?

2024ರ ಏಪ್ರಿಲ್ 16ಕ್ಕೆ ಬನ್ನಿ. ದುಬೈ ವಿಮಾನ ನಿಲ್ದಾಣದಲ್ಲಿ ಒಂದೇ ದಿನ 142 ಮಿಲಿಮೀಟರ್, ಎಂದರೆ ಒಂದೂವರೆ ವರ್ಷದ ಮಳೆ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್. 1949ರಿಂದ ಲೆಕ್ಕ ಬರೆದಿಟ್ಟ ಕಾಲದಲ್ಲೇ ಅಷ್ಟು ಬಂದದ್ದಿಲ್ಲ. ಈ ಪ್ರವಾಹಕ್ಕೆ ಸೈಟಿನ ಮಣ್ಣೇ ಕಾರಣ ಎಂದು ನಾನು ಹೇಳುವುದಿಲ್ಲ. ಅಂತಹ ಮಳೆಗೆ ಯಾವ ಚರಂಡಿಯೂ ಸಾಲುತ್ತಿರಲಿಲ್ಲ. ಆದರೆ ನೀರು ಇಳಿದ ಮೇಲೆ ರಸ್ತೆಯಲ್ಲಿ ಉಳಿದದ್ದು ಏನು ಎಂದು ಅಲ್ಲಿದ್ದ ಯಾರನ್ನಾದರೂ ಕೇಳಿ. ಕಣಕಾಲು ಹೂತು ಹೋಗುವ ಕೆಸರು. ಆ ಕೆಸರು ಆಕಾಶದಿಂದ ಬಿದ್ದದ್ದಲ್ಲ.

ಅದೇ ವರ್ಷ ಜೂನಿನಲ್ಲಿ ದುಬೈ ಸರಕಾರ 'ತಸ್ರೀಫ್' ಎಂಬ ಮಳೆನೀರಿನ ಯೋಜನೆಯನ್ನು ಘೋಷಿಸಿತು. 3,000 ಕೋಟಿ ದಿರ್ಹಮ್ ಖರ್ಚು, 2033ಕ್ಕೆ ಪೂರ್ತಿ. ಒಳ್ಳೆಯದೇ. ಆದರೆ ಮೇಲಿನ ಸೈಟುಗಳ ಮಣ್ಣನ್ನು ತಡೆಯದೆ ಕೆಳಗೆ ಎಷ್ಟು ದೊಡ್ಡ ಕೊಳವೆ ಹಾಕಿದರೂ ಅದು ಹೂಳು ತುಂಬುವ ದೊಡ್ಡ ಚೀಲ ಅಷ್ಟೇ. ಮಳೆ ನೂರು ವರ್ಷಕ್ಕೊಮ್ಮೆಯದ್ದು ಬರಬೇಕೆಂದಿಲ್ಲ, ಅರ್ಧ ಕಟ್ಟಿದ ಕೊಳವೆಗೆ ಸಾಧಾರಣ ಮಳೆಯೂ ಸಾಕು.

ಅಮೆರಿಕದ ಒಣ ಊರುಗಳಲ್ಲಿ ಹೇಗಿದೆ?

"ಇದೆಲ್ಲ ಆಗುವ ಹೋಗುವ ಮಾತಾ?" ಎನ್ನುವವರು ಅರಿಝೋನಾದ ಫೀನಿಕ್ಸ್ ಮತ್ತು ನೆವಾಡಾದ ಲಾಸ್ ವೇಗಸ್ ಕಡೆ ನೋಡಬೇಕು. ಎರಡೂ ಮರುಭೂಮಿಯ ನಗರಗಳು. ಎರಡೂ ನಮ್ಮ ದುಬೈಯ ಹಾಗೆ ಹುಚ್ಚಾಪಟ್ಟೆ ಬೆಳೆದವು. ಅಮೆರಿಕದಲ್ಲಿ 1972ರ ಶುದ್ಧ ನೀರಿನ ಕಾನೂನಿನ ಕೆಳಗೆ ಸೈಟುಗಳ ಮಳೆನೀರಿಗೂ ಪರವಾನಗಿ ಬೇಕು. ಮೊದಲು 5 ಎಕರೆಗಿಂತ ದೊಡ್ಡ ಸೈಟಿಗೆ ಇದ್ದದ್ದು, 2003ರಿಂದ 1 ಎಕರೆಗೆ ಇಳಿಯಿತು. ನಮ್ಮ ಭಾಷೆಯಲ್ಲಿ 100 ಸೆಂಟ್ಸ್.

ಅವರು ಒಣ ಪ್ರದೇಶಕ್ಕೆ ವಿನಾಯಿತಿ ಕೊಟ್ಟು ಬಿಟ್ಟುಬಿಡಲಿಲ್ಲ. ಒಣ ಪ್ರದೇಶಕ್ಕೆ ಹೊಂದುವ ಹಾಗೆ ಬದಲಿಸಿದರು. ವರ್ಷಕ್ಕೆ 10 ಇಂಚಿಗಿಂತ ಕಡಿಮೆ ಮಳೆಯ ಊರು ಎಂದರೆ ಒಣ ಪ್ರದೇಶ. ಅಲ್ಲಿ ಒಣಗಾಲದಲ್ಲಿ ಪ್ರತಿವಾರ ತಪಾಸಣೆ ಬೇಡ, ತಿಂಗಳಿಗೊಮ್ಮೆ ಸಾಕು. ಆದರೆ ಕಾಲು ಇಂಚು ಮಳೆ ಬಿದ್ದರೆ 24 ಗಂಟೆಯೊಳಗೆ ನೋಡಲೇಬೇಕು. ಮುಗಿದ ಜಾಗದಲ್ಲಿ ಹುಲ್ಲು ಬೆಳೆಸು ಎಂದು ಒತ್ತಾಯ ಮಾಡುವುದಿಲ್ಲ, ಮೊದಲು ಜಲ್ಲಿಯೋ ಬೇರೇನೋ ಹಾಸಿ ಮಣ್ಣನ್ನು ಕೂರಿಸು, ಸ್ಥಳದ ಗಿಡಗಳು ಮೂರು ವರ್ಷದಲ್ಲಿ ಬರಲಿ ಎನ್ನುತ್ತದೆ. ಬೇಲಿಗೆ ಒರಗಿದ ಹೂಳು ಬೇಲಿಯ ಅರ್ಧ ಎತ್ತರಕ್ಕೆ ಬರುವ ಮೊದಲು ತೆಗೆಯಬೇಕು. ಲಾರಿಯ ಚಕ್ರಕ್ಕೆ ಅಂಟಿ ರಸ್ತೆಗೆ ಬಂದ ಮಣ್ಣನ್ನು ಅದೇ ದಿನ ಸಂಜೆಯೊಳಗೆ ಗುಡಿಸಬೇಕು. ಹೂಳು ಕೂರುವ ಹೊಂಡ ಮಾಡುವುದಾದರೆ ಎಕರೆಗೆ 3,600 ಘನ ಅಡಿ, ಎಂದರೆ ಸುಮಾರು ಒಂದು ಲಕ್ಷ ಲೀಟರು ಹಿಡಿಯುವ ಲೆಕ್ಕ.

ಧೂಳಿನ ವಿಷಯದಲ್ಲಿ ಫೀನಿಕ್ಸ್ ಇರುವ ಮಾರಿಕೋಪ ಕೌಂಟಿ ಇನ್ನೂ ಬಿಗಿ. ಅಲ್ಲಿ 310ನೇ ನಿಯಮದ ಪ್ರಕಾರ ಎಕರೆಯ ಹತ್ತನೇ ಒಂದು ಭಾಗ ಕೆದಕಿದರೂ ಧೂಳಿನ ಪರವಾನಗಿ ಬೇಕು. ಅದು 10 ಸೆಂಟ್ಸ್! ನಮ್ಮಲ್ಲಿ ಒಂದು ಮನೆ ಕಟ್ಟುವ ಜಾಗ. 5 ಎಕರೆಗಿಂತ ದೊಡ್ಡ ಸೈಟಿನಲ್ಲಿ ಧೂಳಿನ ಮೇಲೆ ಕಣ್ಣಿಡಲಿಕ್ಕೆಂದೇ ತರಬೇತಿಯಾದ ಒಬ್ಬ ವ್ಯಕ್ತಿ ಇರಬೇಕು. ನೀರಿನ ಟ್ಯಾಂಕರ್ ಓಡಿಸುವವನಿಗೂ ತರಬೇತಿ ಆಗಿರಬೇಕು. ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ 25 ಸೆಂಟ್ಸ್‌ಗೆ ಧೂಳಿನ ಪರವಾನಗಿ. ಅದರ ಮೇಲೆ ಪ್ರವಾಹ ತಡೆಯಲಿಕ್ಕೆಂದೇ 1985ರಲ್ಲಿ ಒಂದು ಪ್ರತ್ಯೇಕ ಪ್ರಾಧಿಕಾರಕ್ಕೆ ಕಾನೂನು ಮಾಡಿ, ಜನರಿಂದ ಕಾಲು ಸೆಂಟಿನ ಮಾರಾಟ ತೆರಿಗೆಗೆ ಒಪ್ಪಿಗೆ ಪಡೆದು ನೀರು ತಡೆಯುವ ಹೊಂಡಗಳನ್ನು ಕಟ್ಟುತ್ತಾ ಬಂದರು.

ಅಲ್ಲಿ ಎಲ್ಲ ಸರಿಯಾಗಿದೆ ಎಂದಲ್ಲ. ಫೀನಿಕ್ಸಿನ ಗಾಳಿಯಲ್ಲಿ ಈಗಲೂ ಧೂಳಿದೆ. 2011ರ ಜುಲೈ 5ರಂದು ಆ ನಗರವನ್ನೇ ನುಂಗಿದ ಧೂಳಿನ ಗೋಡೆಯ ಚಿತ್ರವನ್ನು ಲೋಕವೇ ನೋಡಿತು. ಅರಿಝೋನಾ, ಕ್ಯಾಲಿಫೋರ್ನಿಯಾದ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಧೂಳಿನೊಂದಿಗೆ ಎದೆಗೆ ಹೋಗಿ 'ವ್ಯಾಲಿ ಜ್ವರ' ತರುತ್ತದೆ, ಮಣ್ಣು ಅಗೆಯುವವರಿಗೆ ಅದರ ಭಯ ಹೆಚ್ಚು. ಆದರೂ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಮಳೆ ಇಲ್ಲದ ಊರಿಗೂ ಮಣ್ಣಿನ ನಿಯಮ ಬೇಕು ಎಂಬುದು ಅಲ್ಲಿ ಚರ್ಚೆಯ ವಿಷಯವೇ ಅಲ್ಲ.

ಗಲ್ಫಿನಲ್ಲಿ ನಿಯಮ ಇಲ್ಲವೇ?

ಇದೆ. ಇಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ದೊಡ್ಡ ಯೋಜನೆಗೆ ಪರಿಸರ ನಿರ್ವಹಣೆಯ ಯೋಜನೆ ಬರೆದು ಕೊಡಬೇಕು. ಮಣ್ಣಿನ ಲಾರಿಗೆ ಟಾರ್ಪಾಲು ಕಟ್ಟಬೇಕು. ಪಾಯದಿಂದ ಪಂಪು ಮಾಡಿದ ನೀರನ್ನು ಚರಂಡಿಗೋ ಸಮುದ್ರಕ್ಕೋ ಬಿಡಲು ಬಲದಿಯಾದ ಅನುಮತಿ ಬೇಕು. ನನ್ನ ತಕರಾರು ನಿಯಮ ಇದೆಯೋ ಇಲ್ಲವೋ ಎಂಬುದರ ಮೇಲೆ ಅಲ್ಲ. ಅದು ಯಾರಿಗಾಗಿ ಬರೆದದ್ದು, ಯಾರ ಖರ್ಚಿನಲ್ಲಿ ನಡೆಯುತ್ತದೆ ಎಂಬುದರ ಮೇಲೆ.

ಮೊದಲನೆಯದು, ಬರೆಯುವ ರೀತಿ. ಎಷ್ಟೋ ಸೈಟಿನ ಯೋಜನೆಗಳನ್ನು ನಾನು ಓದಿದ್ದೇನೆ. ಎಲ್ಲೋ ಮಳೆಯ ದೇಶದ ಪುಸ್ತಕದಿಂದ ನಕಲು ಮಾಡಿದ್ದು. "ತೆರೆದ ಜಾಗದಲ್ಲಿ ಹುಲ್ಲಿನ ಬೀಜ ಬಿತ್ತಲಾಗುವುದು" ಎಂದು ಒಂದರಲ್ಲಿ ಇತ್ತು. 48 ಡಿಗ್ರಿ ಬಿಸಿಲಿನ ಊರಿಗೆ! ಹೂಳು ತಡೆಯುವ ಬಟ್ಟೆಯ ಬೇಲಿ ಎಂದು ಬರೆದಿರುತ್ತಾರೆ. ಅದು ನೀರನ್ನು ಸೋಸಲು ಮಾಡಿದ ಬಟ್ಟೆ. ಅದರ ಬುಡವನ್ನು ಅರ್ಧ ಅಡಿಯಾದರೂ ಮಣ್ಣಿನೊಳಗೆ ಹೂಳಬೇಕು, ಇಳಿಜಾರಿಗೆ ಅಡ್ಡವಾಗಿ ಸಮಮಟ್ಟದಲ್ಲಿ ಹಿಡಿಯಬೇಕು. ಶಮಾಲ್ ಗಾಳಿ ಬೀಸುವ ಊರಿನಲ್ಲಿ ಅದನ್ನು ಸುಮ್ಮನೆ ಕಬ್ಬಿಣದ ಕೋಲಿಗೆ ಕಟ್ಟಿದರೆ ಒಂದು ವಾರದಲ್ಲಿ ಪತಾಕೆಯಾಗುತ್ತದೆ, ಎರಡು ತಿಂಗಳಲ್ಲಿ ಬಿಸಿಲಿಗೆ ಚೂರಾಗುತ್ತದೆ. ಆ ಊರಿಗೆ ಬೇಕಾದದ್ದು ಕಲ್ಲಿನ ಅಡ್ಡಗಟ್ಟೆ, ಜಲ್ಲಿಯ ಹಾಸು, ಗಾಳಿಗೆ ಅಡ್ಡವಾಗಿ ಉಳುಮೆ ಮಾಡಿದ ಹಾಗೆ ಒರಟು ಮಾಡಿದ ನೆಲ, ಗೇಟಿನಲ್ಲಿ ಚಕ್ರ ಕೊಡವುವ ಕಬ್ಬಿಣದ ಜಾಲರಿ.

ಎರಡನೆಯದು, ನೀರು. ಧೂಳು ಅಡಗಿಸುವುದು ಎಂದರೆ ಟ್ಯಾಂಕರಿನಲ್ಲಿ ನೀರು ಚಿಮುಕಿಸುವುದು ಎಂದೇ ಎಲ್ಲರ ತಲೆಯಲ್ಲಿದೆ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ಊರಿನಲ್ಲಿ ಆ ನೀರನ್ನು ಮಣ್ಣಿಗೆ ಸುರಿಯುವುದೇ ನಿಯಮವಾದರೆ, ಬರೆದವನಿಗೆ ಊರು ಗೊತ್ತಿಲ್ಲ ಎಂದರ್ಥ. ಸುರಿದ ನೀರು ಒಂದು ಗಂಟೆಯಲ್ಲಿ ಆರುತ್ತದೆ. ಮತ್ತೆ ಅದೇ ಧೂಳು. ಒಂದು ತೊಟ್ಟು ನೀರೂ ಬೇಡದ ಉಪಾಯ ಬೇರೆ ಇದೆ, ಇಂದು ಕಟ್ಟದ ಜಾಗವನ್ನು ಇಂದು ಕೆದಕಬೇಡಿ. ನೂರು ಎಕರೆಯಲ್ಲಿ ಹತ್ತು ಎಕರೆ ಕೆಲಸ ಇದ್ದರೆ ಹತ್ತನ್ನೇ ಬಿಡಿಸಿ. ಬಾಕಿ ತೊಂಬತ್ತರ ಮೇಲಿನ ಆ ಹಳೆಯ ಜಲ್ಲಿಯ ಹಾಸು ಪುಕ್ಕಟೆ ಕಾವಲುಗಾರ. ಆದರೆ ಡೋಜರ್ ಬಾಡಿಗೆಗೆ ಬಂದಿದೆ ಎಂದು ಒಂದೇ ವಾರದಲ್ಲಿ ಎಲ್ಲವನ್ನೂ ಸವರಿಬಿಡುತ್ತಾರೆ. ಆಮೇಲೆ ಎರಡು ವರ್ಷ ಟ್ಯಾಂಕರ್ ಓಡಿಸುತ್ತಾರೆ.

ಮೂರನೆಯದು, ಪಾಯದ ನೀರು. ಕಡಲ ಬದಿಯಲ್ಲಿ ಸ್ವಲ್ಪ ಅಗೆದರೂ ಉಪ್ಪು ನೀರು ಬರುತ್ತದೆ. ಅದನ್ನು ಹಗಲು ರಾತ್ರಿ ಪಂಪು ಮಾಡಿ, ಮಡ್ಡಿ ಕೂರುವ ಒಂದು ಟ್ಯಾಂಕಿನ ಮೂಲಕ ಹೊರಗೆ ಬಿಡುತ್ತಾರೆ. ಟ್ಯಾಂಕ್ ಇದೆಯಲ್ಲ ಎಂದು ತೋರಿಸುತ್ತಾರೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಸಣ್ಣ ಮರಳಿನ ಕಣ ತಳ ಸೇರಲು ಎರಡು ನಿಮಿಷ ಸಾಕು. ಜೇಡಿಯ ನುಣ್ಣನೆಯ ಕಣಕ್ಕೆ ಮೂರು ದಿನ ಬೇಕು. ಹತ್ತು ನಿಮಿಷದಲ್ಲಿ ನೀರು ಈ ಕಡೆ ಬಂದು ಆ ಕಡೆ ಹೋಗುವ ಟ್ಯಾಂಕಿನಲ್ಲಿ ಏನು ಕೂರುತ್ತದೆ? ಅದರ ಮೇಲೆ ಟ್ಯಾಂಕಿನ ಮುಕ್ಕಾಲು ಭಾಗ ಹಳೆಯ ಮರಳೇ ತುಂಬಿದ್ದರೆ? ನಾನಿದ್ದ ಒಂದು ಕಂಪೆನಿಯಲ್ಲಿ ಟ್ಯಾಂಕ್ ಖಾಲಿ ಮಾಡುವ ದಿನ ಎಂದರೆ ತಪಾಸಣೆಯವರು ಬರುವ ಹಿಂದಿನ ದಿನ. ಹೊಸ ಬೇಲಿಯ ಬಟ್ಟೆ ಸ್ಟೋರಿನಿಂದ ಹೊರಗೆ ಬರುತ್ತಿದ್ದದ್ದೂ ಆ ದಿನವೇ. ಫೋಟೋ ತೆಗೆದು, ಅವರು ಹೋದ ಮೇಲೆ ಸುತ್ತಿ ಮತ್ತೆ ಸ್ಟೋರಿಗೆ. ಇದನ್ನು ಬರವಣಿಗೆಯಲ್ಲಿ ಎತ್ತಿದ್ದಕ್ಕೆ ನನ್ನನ್ನು ಆ ಸೈಟಿನಿಂದ ಬೇರೆ ಕಡೆಗೆ ಹಾಕಿದರು. ಸಂಬಳ ಕಡಿಮೆಯಾಗಲಿಲ್ಲ, ಮರ್ಯಾದೆ ಕಡಿಮೆಯಾಯಿತು. ಅದು ಇರಲಿ.

ದುಡ್ಡು ಎಲ್ಲಿ ಸೋರುತ್ತದೆ

ಇದೆಲ್ಲದರ ಬೇರು ಟೆಂಡರಿನ ಕಾಗದದಲ್ಲಿದೆ. ಕಾಂಕ್ರೀಟಿಗೆ ಘನ ಮೀಟರಿನ ಲೆಕ್ಕ ಇದೆ. ಕಬ್ಬಿಣಕ್ಕೆ ಟನ್ನಿನ ಲೆಕ್ಕ ಇದೆ. ಮಣ್ಣು ತಡೆಯುವುದಕ್ಕೆ? "ಪರಿಸರ ರಕ್ಷಣೆ, ಒಟ್ಟು ಮೊತ್ತ" ಎಂದು ಒಂದೇ ಸಾಲು. ಮುಖ್ಯ ಗುತ್ತಿಗೆದಾರ ಆ ಮೊತ್ತವನ್ನು ತನ್ನಲ್ಲಿ ಇಟ್ಟುಕೊಂಡು, ಜವಾಬ್ದಾರಿಯನ್ನು ಮಾತ್ರ ಒಂದು ಸಾಲಿನಲ್ಲಿ ಸಬ್‌ಕಾಂಟ್ರಾಕ್ಟರಿಗೆ ದಾಟಿಸುತ್ತಾನೆ. ಅವನು ಅವನ ಕೆಳಗಿನವನಿಗೆ. ಕೊನೆಗೆ ಬಂದು ನಿಲ್ಲುವುದು ನಮ್ಮ ಊರಿನ ಒಬ್ಬ ಕಾಕ ನಡೆಸುವ ಇಪ್ಪತ್ತು ಜನರ ಸಪ್ಲೈ ಕಂಪೆನಿಯಲ್ಲಿ. ಅವರ ಕೈಯಲ್ಲಿ ಆ ಕೆಲಸಕ್ಕೆಂದು ಬಂದ ದುಡ್ಡು ಸೊನ್ನೆ. ದಂಡ ಬಿದ್ದರೆ ಮಾತ್ರ ಪೂರ್ತಿ ಅವರದ್ದು. ದಂಡವನ್ನು ಅವರು ಯಾರ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಬೇರೆ ಹೇಳಬೇಕೇ?

ಹಾಗಾಗಿ ನಮ್ಮ ಕಾಕಂದಿರು "ಈ ನಿಯಮ ಬಡವರನ್ನು ಕೊಲ್ಲುವುದಕ್ಕೆ" ಎನ್ನುವುದರಲ್ಲಿ ಅರ್ಧ ಸತ್ಯವಿದೆ. ಬಡವನನ್ನು ಕೊಲ್ಲುವುದು ನಿಯಮವಲ್ಲ, ಜವಾಬ್ದಾರಿ ಕೆಳಗೆ ಇಳಿದು ದುಡ್ಡು ಮೇಲೆಯೇ ನಿಲ್ಲುವ ಈ ಏಣಿ. ಪರಿಹಾರ ನಿಯಮ ತೆಗೆಯುವುದಲ್ಲ. ಬೇಲಿಗೆ ಮೀಟರಿಗಿಷ್ಟು, ತೆಗೆದ ಹೂಳಿಗೆ ಘನ ಮೀಟರಿಗಿಷ್ಟು, ಗೇಟಿನ ಜಾಲರಿಗೆ ತಿಂಗಳಿಗಿಷ್ಟು ಎಂದು ಅಳತೆಯ ಲೆಕ್ಕಕ್ಕೆ ತರುವುದು. ಮಾಡಿದವನಿಗೆ ದುಡ್ಡು ಸಿಗುವ ಕೆಲಸವನ್ನು ಯಾವ ಗುತ್ತಿಗೆದಾರನೂ ಬಿಡುವುದಿಲ್ಲ, ನಮ್ಮವರಂತೂ ಬಿಡುವವರೇ ಅಲ್ಲ.

ಎದೆಯ ಲೆಕ್ಕ, ಗುಂಡಿಯ ಲೆಕ್ಕ

ಧೂಳಿನ ಮಾತು ಬಂದರೆ "ಗಲ್ಫಿನಲ್ಲಿ ಧೂಳು ಇರುವುದೇ ಅಲ್ವಾ" ಎನ್ನುತ್ತಾರೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ ನಿಲ್ಲುತ್ತದೆ. ಎದೆಯ ತಳಕ್ಕೆ ಇಳಿಯುವುದು ಕಾಣದ ಧೂಳು. ಕಲ್ಲು, ಕಾಂಕ್ರೀಟು ಕೊಯ್ಯುವಾಗ, ಮರಳು ಪುಡಿಯಾಗುವಾಗ ಏಳುವ ಸಿಲಿಕಾದ ಕಣ ಒಮ್ಮೆ ಶ್ವಾಸಕೋಶದಲ್ಲಿ ಕೂತರೆ ಎದ್ದು ಹೋಗುವುದಿಲ್ಲ. ಅಮೆರಿಕ 2016ರಲ್ಲಿ ಅದರ ಮಿತಿಯನ್ನು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಎಂದು ಇಳಿಸಿತು. ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ಕಾಯಿಲೆ ಹೊರಗೆ ಬರಲು ಹತ್ತಿಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ವೀಸಾ ಮುಗಿದಿರುತ್ತದೆ, ಕಂಪೆನಿಯ ವಿಮೆ ಮುಗಿದಿರುತ್ತದೆ. ಕೆಮ್ಮು ಮಾತ್ರ ಊರಿಗೆ ಬರುತ್ತದೆ. ನಮ್ಮಲ್ಲಿ ಅದಕ್ಕೆ "ಗಲ್ಫಿನ ಎಸಿಯ ಕೆಮ್ಮು" ಎಂದು ಹೆಸರಿಟ್ಟು ಕರಿಮೆಣಸಿನ ಕಷಾಯ ಕೊಡುತ್ತೇವೆ. ಕಲ್ಲು ಕೊಯ್ಯುವ, ಮಣ್ಣು ಅಗೆಯುವ ಕೆಲಸ ಮಾಡಿದವನಿಗೆ ಎಕ್ಸ್‌ರೇ ತೆಗೆಯುವಾಗ ಆ ಕೆಲಸದ ವಿಷಯವನ್ನು ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಕ್ಷಯ ಎಂದು ಮದ್ದು ಶುರುವಾಗಿ ಮೂಲವೇ ತಪ್ಪಿ ಹೋಗಬಹುದು.

ಇನ್ನು ಗುಂಡಿ. ಮಳೆ ನಿಂತ ಮರುದಿನ ಹೂಳು ತುಂಬಿದ ಮ್ಯಾನ್‌ಹೋಲ್ ತೆಗೆಯಲು ಯಾರನ್ನು ಇಳಿಸುತ್ತಾರೆ? ಎಂಜಿನಿಯರನ್ನಲ್ಲ. ಮುಚ್ಚಿದ ಗುಂಡಿಯೊಳಗೆ ಕೊಳೆತ ಕೆಸರು ಕದಡಿದರೆ ಬರುವ ಗ್ಯಾಸಿಗೆ ಎರಡು ಉಸಿರು ಸಾಕು. ಗಾಳಿ ಪರೀಕ್ಷೆ, ಸೊಂಟದ ಬೆಲ್ಟು, ಮೇಲೆ ಹಗ್ಗ ಹಿಡಿದ ಇನ್ನೊಬ್ಬ, ಇವು ಮೂರೂ ಇಲ್ಲದೆ ಇಳಿಯಬಾರದು ಎಂದು ನಿಯಮ ಇದೆ. ಆದರೆ ರಸ್ತೆ ಬಿಡಿಸುವ ಅವಸರದಲ್ಲಿ ಮೊದಲು ಮರೆತು ಹೋಗುವುದು ಆ ನಿಯಮವೇ. ಸೈಟಿನ ಗೇಟಿನಲ್ಲಿ ತಡೆದಿದ್ದರೆ ಆ ಹೂಳು ಗುಂಡಿಗೆ ಬರುತ್ತಲೇ ಇರಲಿಲ್ಲ. ಗೇಟಿನಲ್ಲಿ ಒಂದು ಕಬ್ಬಿಣದ ಜಾಲರಿ, ಗುಂಡಿಯಲ್ಲಿ ಒಂದು ಜೀವ. ಯಾವುದು ಅಗ್ಗ?

ನಾವೇನು ಮಾಡಬಹುದು?

"ಪರದೇಶದ ಕಾನೂನು, ನಾವು ಕೆಲಸಕ್ಕೆ ಹೋದವರು, ನಮಗೇಕೆ?" ಎಂಬ ಕೊನೆಯ ಮಾತೊಂದಿದೆ. ಸರಿ, ಕಾನೂನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಸೌದಿಯಲ್ಲೋ ದುಬೈಯಲ್ಲೋ ಬೀದಿಗಿಳಿಯಿರಿ ಎಂದು ನಾನು ಹೇಳುವುದೂ ಇಲ್ಲ. ಆದರೆ ಆ ಕಾನೂನು ಕಾಗದದಿಂದ ನೆಲಕ್ಕೆ ಇಳಿಯುವ ಜಾಗದಲ್ಲಿ ನಮ್ಮವರೇ ಕೂತಿದ್ದಾರೆ. ಫೋರ್‌ಮನ್ ನಮ್ಮವ. ಸ್ಟೋರ್‌ಕೀಪರ್ ನಮ್ಮವ. ಟ್ಯಾಂಕರ್ ಡ್ರೈವರ್ ನಮ್ಮವ. ಬಿಲ್ ಬರೆಯುವ ಕ್ವಾಂಟಿಟಿ ಸರ್ವೇಯರ್ ನಮ್ಮವ. ಈಗೀಗ ಸೇಫ್ಟಿ ಆಫೀಸರ್‌ಗಳಾಗಿ ಹೋಗುವ ಹುಡುಗರಲ್ಲಿಯೂ ನಮ್ಮವರು ಸಾಕಷ್ಟಿದ್ದಾರೆ.

ಆದ್ದರಿಂದ ನೇರವಾಗಿ ಕೆಲವು ಮಾತು.

ನಮ್ಮ ಗುತ್ತಿಗೆದಾರರಿಗೆ: ದರ ಕೊಡುವಾಗ ಮಣ್ಣು ತಡೆಯುವ ಕೆಲಸಕ್ಕೆ ಬೇರೆ ದರ ಬರೆಯಿರಿ. ಅವರು ಅಳಿಸಿದರೆ ಅಳಿಸಲಿ, ಅಳಿಸಿದ ಕಾಗದವನ್ನು ಇಟ್ಟುಕೊಳ್ಳಿ. ದಂಡ ಬಂದ ದಿನ ಅದೇ ನಿಮ್ಮ ಸಾಕ್ಷಿ. ದಂಡವನ್ನು ಹುಡುಗರ ಸಂಬಳದಲ್ಲಿ ಮುರಿಯುವವರು ವರ್ಷಕ್ಕೊಮ್ಮೆ ಊರಿನ ವೇದಿಕೆಯಲ್ಲಿ ಶಾಲು ಹೊದೆಸಿಕೊಳ್ಳುವುದನ್ನು ನಿಲ್ಲಿಸಬೇಕು. ಶಾಲು ಹೊದೆಸುವ ನಾವೂ ನಿಲ್ಲಿಸಬೇಕು.

ಗಲ್ಫಿನ ನಮ್ಮ ಸಂಘಗಳಿಗೆ: ರಕ್ತದಾನ ಮಾಡುತ್ತೀರಿ, ಕ್ರಿಕೆಟ್ ಆಡಿಸುತ್ತೀರಿ, ಇಫ್ತಾರ್ ಕೂಟ ಮಾಡುತ್ತೀರಿ. ಎಲ್ಲವೂ ಒಳ್ಳೆಯದು. ವರ್ಷದಲ್ಲಿ ಒಂದು ಶುಕ್ರವಾರ ಧೂಳು, ಗುಂಡಿ, ಹೂಳು ಈ ಮೂರರ ಬಗ್ಗೆ ಬ್ಯಾರಿ ಭಾಷೆಯಲ್ಲಿ ಎರಡು ಗಂಟೆ ತರಬೇತಿ ಕೊಡಿ. ಇಂಗ್ಲಿಷಿನಲ್ಲಿ ಕೊಟ್ಟು ಸಹಿ ಹಾಕಿಸುವ ತರಬೇತಿ ಹುಡುಗರಿಗೆ ಸಾಕಾಗಿದೆ. ಉಮ್ಮನ ಭಾಷೆಯಲ್ಲಿ ಹೇಳಿದ್ದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ಕಲಿಯುವ ಮಕ್ಕಳಿಗೆ: ಸಿವಿಲ್ ಡಿಪ್ಲೊಮಾ, ಬಿ.ಇ. ಮಾಡುವವರು ಕಾಂಕ್ರೀಟಿನ ಜೊತೆ ಮಣ್ಣಿನ ಸವೆತವನ್ನೂ ಕಲಿಯಿರಿ. ಒಣ ಪ್ರದೇಶದ ಮಳೆನೀರು, ಹೂಳಿನ ಹೊಂಡದ ಲೆಕ್ಕ ಬಲ್ಲ ಹುಡುಗನಿಗೆ ಮುಂದಿನ ಹತ್ತು ವರ್ಷ ಗಲ್ಫಿನಲ್ಲಿ ಕೆಲಸ ಇದೆ. 3,000 ಕೋಟಿ ದಿರ್ಹಮಿನ ಕೊಳವೆಗಳನ್ನು ಯಾರಾದರೂ ಕಾಯಲೇಬೇಕಲ್ಲ.

ಮನೆಯವರಿಗೆ: ಮುಂದಿನ ಸಲ ಫೋನ್ ಬಂದಾಗ "ಊಟ ಆಯ್ತಾ, ದುಡ್ಡು ಯಾವಾಗ" ಎಂಬುದರ ಜೊತೆ ಇನ್ನೂ ಎರಡು ಪ್ರಶ್ನೆ ಕೇಳಿ. ಮಾಸ್ಕ್ ಕೊಟ್ಟಿದ್ದಾರಾ, ಬರೀ ಬಟ್ಟೆಯದ್ದೋ ಧೂಳು ಸೋಸುವುದೋ? ಗುಂಡಿಗೆ ಇಳಿಯಲು ಹೇಳಿದರೆ ಮೇಲೆ ಹಗ್ಗ ಹಿಡಿಯುವವನು ಇದ್ದಾನಾ? ಇಲ್ಲ ಎಂದರೆ ಇಳಿಯಬೇಡ ಎಂದು ಹೇಳುವ ಧೈರ್ಯ ಅವನಿಗೆ ಬರುವುದು ಮನೆಯಿಂದ. ಸಾಲ, ತಂಗಿಯ ಮದುವೆ, ಮನೆಯ ಕೆಲಸ ಎಂದು ನಾವು ಮೇಲಿಂದ ಮೇಲೆ ಭಾರ ಹಾಕಿದಷ್ಟೂ ಅವನು "ಇಲ್ಲ" ಎನ್ನುವ ಶಕ್ತಿ ಕಳೆದುಕೊಳ್ಳುತ್ತಾನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ಜಿದ್ದಾ ಒಮ್ಮೆ ಮಾಡಿತು, ದುಬೈ ಒಮ್ಮೆ ಮಾಡಿತು. ಇನ್ನೊಂದು ಮರುಭೂಮಿಯ ನಗರ ಮುಂದೆ ಮಾಡಬಹುದು. ಆ ಬಾಗಿಲ ಬಳಿ ಸಲಿಕೆ ಹಿಡಿದು ನಿಲ್ಲುವವನು ನಮ್ಮ ಹುಡುಗನೇ ಆಗಿರುತ್ತಾನೆ. ಮಳೆ ವರ್ಷಕ್ಕೆ ನಾಲ್ಕು ದಿನ ಬರಲಿ, ನಲವತ್ತು ದಿನ ಬರಲಿ. ಕೆದಕಿದವನೇ ಮುಚ್ಚಬೇಕು, ಮುಚ್ಚುವ ಖರ್ಚು ಕೆದಕಿಸಿದವನೇ ಕೊಡಬೇಕು.